ಪರೀಕ್ಷೆ ಆಗಲಿ, ಆಮೇಲೆ

ಮೆಡಿಕಲ್ ಪ್ರವೇಶ ಪರೀಕ್ಷೆಯನ್ನು ಈ ವರ್ಷ ಬರೆಯಬೇಕೋ, ಒಂದು ವರ್ಷ ಬಿಟ್ಟು ಬರೆಯಬೇಕೋ? ನಾನು ಎರಡನೇ ಪಿಯುಸಿಯಲ್ಲಿದ್ದಾಗ ಈ ಒಂದು ಪ್ರಶ್ನೆಗೆ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಯಿತು. ಎಂಬತ್ತರ ದಶಕದ ನಡುವಿನ ಮಾತು. ಜಗಳ ನನ್ನ ಓದಿನದ್ದು ಅಂತ ನಾನು ತಿಳಿದಿದ್ದೆ. ಅದು ಅಮ್ಮನ ಪ್ರಾಣದ್ದಾಗಿತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು.

ನಮ್ಮದು ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರದ ಕೆರೆಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಊರು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು. ನಾನೊಬ್ಬಳೇ ಮಗಳು. ರಾಗಿ ಬೆಳೆಯುತ್ತಿದ್ದೆವು, ಬಾವಿ ಪಕ್ಕದಲ್ಲಿ ತರಕಾರಿ, ಮಿಕ್ಕಿದ್ದೆಲ್ಲ ಹಿಪ್ಪುನೇರಳೆ. ವರ್ಷಪೂರ್ತಿ ಒಂದಾದ ಮೇಲೊಂದು ರೇಷ್ಮೆ ಹುಳುವಿನ ಬೆಳೆ ಮನೆಯೊಳಗೆ ಇದ್ದೇ ಇರುತ್ತಿತ್ತು. ಹುಳು ಇರುವಾಗ ನಮ್ಮ ಕಡೆ ಒಂದು ಕಟ್ಟುಪಾಡು. ಸಾವಿನ ಮನೆಗೆ ಹೋಗಿ ಬಂದವರು, ಆಸ್ಪತ್ರೆಗೆ ಹೋಗಿ ಬಂದವರು ಹುಳು ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅಲ್ಲಿಯ ಸೋಂಕು ಹುಳುವಿಗೆ ತಗಲುತ್ತದೆ ಎಂಬ ಭಯ. ಹುಳು ಮನೆಯ ಕೆಲಸವೆಲ್ಲ ಅಮ್ಮನದ್ದೇ ಆದ್ದರಿಂದ ಅಮ್ಮ ಯಾವ ಆಸ್ಪತ್ರೆಯ ಬಾಗಿಲನ್ನೂ ನೋಡಿದ್ದಿಲ್ಲ. ನನ್ನನ್ನು ಹೆತ್ತಿದ್ದೂ ಮನೆಯಲ್ಲೇ.

ನಾನು ಕೋಲಾರದಲ್ಲಿ ಅಮ್ಮನ ತಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಮಾವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಡಾಕ್ಟರಾಗಬೇಕು ಅನ್ನುವ ಹುಚ್ಚನ್ನು ನನ್ನ ತಲೆಗೆ ಹತ್ತಿಸಿದವರು ಅವರೇ. ಮೊದಲೆಲ್ಲ ಪಿಯುಸಿ ಅಂಕ ನೋಡಿ ಸೀಟು ಕೊಡುತ್ತಿದ್ದರು. ನಮ್ಮ ಕಾಲಕ್ಕೆ ಸರಿಯಾಗಿ ಪ್ರವೇಶ ಪರೀಕ್ಷೆ ಅಂತ ಹೊಸದೊಂದು ಬಂದಿತ್ತು. ಅದಕ್ಕೆ ಹೇಗೆ ಓದಬೇಕು ಅನ್ನುವುದು ಮೇಷ್ಟ್ರುಗಳಿಗೇ ಗೊತ್ತಿರಲಿಲ್ಲ. ಪ್ರಶ್ನೆಗೆ ನಾಲ್ಕು ಉತ್ತರ ಅವರೇ ಕೊಟ್ಟಿರುತ್ತಾರಂತೆ, ಒಂದಕ್ಕೆ ಗುರುತು ಹಾಕಿದರೆ ಸಾಕಂತೆ ಅಂದಾಗ ನಾವು ಹುಡುಗಿಯರೆಲ್ಲ ನಕ್ಕಿದ್ದೆವು. ಇಷ್ಟು ಸುಲಭವಾ ಅಂತ.

ಸುಲಭವಾಗಿರಲಿಲ್ಲ. ಮೇಲಾಗಿ ಸಂಕ್ರಾಂತಿ ಕಳೆದದ್ದೇ ನನಗೆ ಕಾಮಾಲೆ ಬಂತು. ಕಣ್ಣು ಅರಿಶಿನವಾಗಿ, ಅನ್ನ ಕಂಡರೆ ವಾಕರಿಕೆಯಾಗಿ, ವಾರಗಟ್ಟಲೆ ಮಲಗಿದೆ. ಎದ್ದು ಪುಸ್ತಕ ತೆಗೆದರೆ ಎರಡು ವರ್ಷದ ಪಾಠ ಗುಡ್ಡದ ಹಾಗೆ ಕೂತಿತ್ತು. ಪಿಯುಸಿ ಹೇಗೋ ದಾಟುತ್ತೇನೆ, ಈ ಪ್ರವೇಶ ಪರೀಕ್ಷೆ ಮಾತ್ರ ಈ ಸಲ ನನ್ನ ಕೈಲಾಗದು ಅಂತ ಮಾವನಿಗೆ ಹೇಳಿದೆ. ಅವರೂ ಒಪ್ಪಿದರು. "ತಾಳಿದವನು ಬಾಳಿಯಾನು ಕಣೇ. ಒಂದು ವರ್ಷ ಮನೇಲಿ ಕೂತು ಓದು, ಮುಂದಿನ ಸಲ ಬರಿ. ಅರೆಬರೆ ಓದಿ ಬರೆದು ಮುಖ ಸಪ್ಪಗೆ ಮಾಡ್ಕೊಂಡು ಬರೋದಕ್ಕಿಂತ ಅದೇ ವಾಸಿ," ಅಂದರು. ಬುದ್ಧಿವಂತರ ಮಾತು. ಇವತ್ತಿಗೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಇದನ್ನು ಮನೆಯಲ್ಲಿ ಹೇಳಿ ಬರೋಣ ಅಂತ ಶಿವರಾತ್ರಿಗೆ ಊರಿಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿತ್ತು. ಅಪ್ಪ ಹುಳುವಿನ ಬಿದಿರು ತಟ್ಟೆಗಳನ್ನು ಒರೆಸುತ್ತಿದ್ದರು. ಅಮ್ಮ ಬಾಗಿಲ ಹತ್ತಿರ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ನನ್ನ ಓದಿನ ವಿಷಯದಲ್ಲಿ ಈ ಮೂವರ ನಿಲುವು ನನಗೆ ಬಾಯಿಪಾಠವಾಗಿತ್ತು. ಅಪ್ಪ "ನಿನ್ನಿಷ್ಟ ಕಣಮ್ಮ" ಅನ್ನುತ್ತಾರೆ. ಅಜ್ಜಿ ಹೆಣ್ಣುಮಕ್ಕಳಿಗೆ ಎಸ್ಸೆಲ್ಸಿ ಸಾಕಾಗಿತ್ತು ಅನ್ನುತ್ತದೆ. ಅಮ್ಮ ಏನೂ ಅನ್ನುವುದಿಲ್ಲ.

"ಪರೀಕ್ಷೆ ಮುಂದಿನ ವರ್ಷ ಬರೀತೀನಿ. ಮಾವನೂ ಹಂಗೇ ಮಾಡು ಅಂದ್ರು," ಅಂದೆ.

ಅಪ್ಪನ ಕೈ ನಿಂತಿತು. "ಆಗಲ್ಲ," ಅಂದರು.

"ಏನಾಗಲ್ಲ?"

"ಮುಂದಿನ ವರ್ಷ ಆಗಲ್ಲ. ಈ ವರ್ಷನೇ ಬರಿ. ಫೇಲಾದ್ರೂ ಚಿಂತೆ ಇಲ್ಲ, ಬರಿ."

ಫೇಲಾದರೂ ಚಿಂತೆಯಿಲ್ಲ ಅನ್ನುವ ಅಪ್ಪನನ್ನು ಯಾರು ಕಂಡಿದ್ದಾರೆ? ನಾನು ಅಜ್ಜಿಯ ಕಡೆ ತಿರುಗಿದೆ. ಓದೇ ಬೇಡ ಅನ್ನುವ ಅಜ್ಜಿ ನನ್ನ ಪಕ್ಷ ಹಿಡಿಯುತ್ತದೆ ಅಂತ ಲೆಕ್ಕ ಹಾಕಿದ್ದೆ. ಅಜ್ಜಿ ಗಡಿಯಾಚೆಯ ಆಂಧ್ರದ ಹೆಣ್ಣು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಅವತ್ತು ತೆಲುಗಿನಲ್ಲೇ ಶುರು ಮಾಡಿತು. "ಆ ಪರೀಕ್ಷ ಏದೋ ಈ ಏಡೇ ರಾಸಿ ಪಾರೇಯ್!" ಅಂದರೆ, ಆ ಪರೀಕ್ಷೆ ಏನಿದೆಯೋ ಈ ವರ್ಷವೇ ಬರೆದು ಬಿಸಾಡು.

"ನಿಂಗ್ಯಾಕಜ್ಜಿ ಆತುರ?" ಅಂದೆ.

ಅಜ್ಜಿ ಮೊರವನ್ನು ನೆಲಕ್ಕೆ ಕುಕ್ಕಿತು. ರಾಗಿ ಚೆಲ್ಲಿತು. ಚೆಲ್ಲಿದ ಕಾಳನ್ನು ಬಳಿಯಲು ಅಮ್ಮ ಏಳಹೋದರೆ ಅಪ್ಪ, ಅಜ್ಜಿ ಇಬ್ಬರೂ ಒಂದೇ ಸಲ "ನೀನು ಕೂತ್ಕೋ" ಅಂದರು. ಆಮೇಲೆ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿ, ಇಬ್ಬರೂ ಬೇರೆ ಕಡೆ ತಿರುಗಿಕೊಂಡರು. ನಾನು ಸಿಟ್ಟಿನಲ್ಲಿದ್ದೆ, ಅದನ್ನು ಗಮನಿಸಿದೆನೇ ಹೊರತು ಯೋಚಿಸಲಿಲ್ಲ.

ನನಗೆ ಹೊಳೆದದ್ದು ಮದುವೆ. ಶ್ರೀನಿವಾಸಪುರದ ಕಡೆಯ ಮಾವಿನ ತೋಪಿನ ಮನೆಯವರೊಬ್ಬರು ನನ್ನನ್ನು ಕೇಳಿಕೊಂಡು ಬಂದಿದ್ದರು. ಹುಡುಗ ದಷ್ಟಪುಷ್ಟ, ತೋಪು ಇನ್ನೂ ದಷ್ಟಪುಷ್ಟ. ಪರೀಕ್ಷೆ ಬರೆಸಿ, ಫೇಲು ಮಾಡಿಸಿ, "ಆಯ್ತಲ್ಲ ನಿನ್ನ ಆಟ" ಅಂತ ಧಾರೆ ಎರೆದು ಕಳಿಸುವ ಹೂಟ ಇದು ಅಂದುಕೊಂಡೆ. ಹಾಗಂತ ಬಾಯಿಬಿಟ್ಟು ಕೂಗಾಡಿದೆ. ನನ್ನನ್ನು ಸಾಗಹಾಕಿದರೆ ನಿಮಗೆ ನೆಮ್ಮದಿ ಅಂದೆ. ಯಾರೂ ಇಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ಅಮ್ಮ ಮಾತ್ರ ಸೊಪ್ಪಿನಿಂದ ತಲೆಯೆತ್ತದೆ, "ಎಲ್ರೂ ಅಷ್ಟು ಹೇಳ್ತಾವ್ರೆ, ಬರೀಬಾರ್ದಾ," ಅಂದಳು. ಅಮ್ಮ ಬಾಯಿ ಹಾಕಿದ್ದೇ ನನಗೆ ಇನ್ನಷ್ಟು ಉರಿಯಿತು. ಬರೆಯಲ್ಲ ಅಂತ ಹೇಳಿ ಮಾರನೆಯ ದಿನದ ಬಸ್ಸಿಗೆ ಕೋಲಾರಕ್ಕೆ ಹೊರಟುಬಿಟ್ಟೆ.

ಆಮೇಲೆ ಊರಿಗೆ ಹೋದಾಗಲೆಲ್ಲ ಮನೆಯಲ್ಲಿ ಏನೋ ಹದ ತಪ್ಪಿದಂತೆ ಅನ್ನಿಸುತ್ತಿತ್ತು. ಅಪ್ಪ ಬಾವಿಯಿಂದ ತಾವೇ ನೀರು ಸೇದುತ್ತಿದ್ದರು, ಯಾರಾದರೂ ನೋಡಿದರೆ "ಮೈ ಬಗ್ಗಲಿ ಅಂತ" ಅನ್ನುತ್ತಿದ್ದರು. ಸೊಸೆ ಕೂತರೆ ಸಹಿಸದ ಅಜ್ಜಿ ಈಗ ಸೊಪ್ಪಿನ ಹೊರೆಯನ್ನು ತಾನೇ ಎಳೆದುಕೊಂಡು ಒಳಕ್ಕೆ ಹೋಗುತ್ತಿತ್ತು. ಅಪ್ಪ ಬಂದರೆ ಹೊರೆಯನ್ನು ಅಲ್ಲೇ ಬಿಟ್ಟು ಏನೂ ಗೊತ್ತಿಲ್ಲದವರ ಹಾಗೆ ಎಲೆಯಡಿಕೆ ತೆಗೆಯುತ್ತಿತ್ತು. ಮನೆಯಲ್ಲಿ ಎಲ್ಲರೂ ಕಳ್ಳರ ಹಾಗೆ ಓಡಾಡುತ್ತಿದ್ದರು. ಹುಳು ಮೇಯುವ ಸದ್ದೊಂದು ಬಿಟ್ಟರೆ ಮನೆಯಲ್ಲಿ ಮಾತೇ ಇಲ್ಲ.

ಆ ವರ್ಷಗಳಲ್ಲಿ ನಮ್ಮ ಸೀಮೆಗೆ ಊಜಿ ನೊಣ ಅಂತ ಒಂದು ಹೊಸ ಪೀಡೆ ಬಂದಿತ್ತು. ಮನೆ ನೊಣಕ್ಕಿಂತ ಸ್ವಲ್ಪ ದಪ್ಪ. ಅದು ಹುಳುವಿನ ಮೈ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಒಳಗೆ ಸೇರಿಕೊಂಡು ತಿನ್ನುತ್ತಿದ್ದರೂ ಹುಳು ಸೊಪ್ಪು ಮೇಯುತ್ತಲೇ ಇರುತ್ತದೆ. ಮೈ ಮೇಲೆ ಕಪ್ಪು ಚುಕ್ಕೆ ಕಾಣುವ ಹೊತ್ತಿಗೆ ಮುಗಿದಿರುತ್ತದೆ. ಅಪ್ಪ ಒಂದೊಂದೇ ತಟ್ಟೆ ಎಳೆದು, ಬೆಳಕಿಗೆ ಹಿಡಿದು, ಹುಳುಗಳನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದರು. "ಚೆನ್ನಾಗಿ ಮೇಯೋ ಹುಳಾನೇ ನಂಬಬಾರ್ದು," ಅನ್ನುತ್ತಿದ್ದರು.

ಉಗಾದಿಗೆ ಊರಿಗೆ ಬಂದೆ. ನಮ್ಮಲ್ಲಿ ಹಬ್ಬದ ಎಣ್ಣೆ ನೀರು ಅಜ್ಜಿಯ ಇಲಾಖೆ. ಮನೆಯವರೆಲ್ಲರ ತಲೆಗೂ ಮೈಗೂ ಹರಳೆಣ್ಣೆ ತಿಕ್ಕುವುದು ಅದೇ. ಬೇರೆಯವರಿಗೆ ಎಣ್ಣೆ ಬಟ್ಟಲು ಮುಟ್ಟಲೂ ಬಿಡುತ್ತಿರಲಿಲ್ಲ. ಆ ವರ್ಷ ಮಾತ್ರ ಅಜ್ಜಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ನನ್ ಕೈಲಿ ಶಕ್ತಿ ಇಲ್ಲಮ್ಮಾ. ನಿಮ್ಮಮ್ಮಂಗೆ ನೀನು ಹಚ್ಚು. ಬರೀ ತಲೆಗಲ್ಲ, ಮೈಗೆಲ್ಲಾ ಚೆನ್ನಾಗಿ ತಿಕ್ಕು," ಅಂದಿತು. ಅಮ್ಮ ಬೇಡ ಬೇಡ ಅಂದಳು. ಅಜ್ಜಿ ಅವಳ ಬೆನ್ನಿಗೆ ಕೈ ಹಾಕಿ ಬಚ್ಚಲಿಗೆ ತಳ್ಳಿ ಹೊರಗಿನಿಂದ ಕದ ಎಳೆದುಕೊಂಡಿತು.

ಬಚ್ಚಲ ಒಲೆಯ ಹೊಗೆಯಲ್ಲಿ ಅಮ್ಮನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಬೆನ್ನಿಗೆ ತಿಕ್ಕಿದೆ, ಭುಜಕ್ಕೆ ತಿಕ್ಕಿದೆ. ಎಡಗೈ ಎತ್ತು ಅಂದರೆ ಎತ್ತಲಿಲ್ಲ. ನಾನೇ ಎತ್ತಿ, ಕಂಕುಳಿನ ಕೆಳಗೆ ಎಣ್ಣೆ ಸವರಿಕೊಂಡು ಮುಂದಕ್ಕೆ ಬಂದಾಗ ಎದೆಯ ಪಕ್ಕದಲ್ಲಿ ಕೈಗೆ ಸಿಕ್ಕಿತು. ಹುಣಸೆ ಬೀಜಗಳನ್ನು ಒಟ್ಟಿಗೆ ಗಂಟು ಕಟ್ಟಿದ ಹಾಗೆ, ಗಟ್ಟಿಯಾಗಿ, ಒತ್ತಿದರೂ ಅಲುಗದೆ ಇತ್ತು. ನಾನು ಕೈ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲ.

ಆ ಗಂಟು ಏನಿರಬಹುದು ಅನ್ನುವುದು ನನಗೆ ಗೊತ್ತಿತ್ತು. ಮಾವನ ಮನೆಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ಓದಿದ್ದೆ. ನೋವಿಲ್ಲದ, ಅಲುಗದ ಗಂಟು. ಓದಿದ್ದೆಲ್ಲ ಒಂದೇ ಸಲ ನೆನಪಿಗೆ ಬಂತು.

"ಯಾವಾಗಿಂದಮ್ಮಾ ಇದು?"

"ಈಗ ಮೊನ್ನೆ ಮೊನ್ನೆ. ನೋವಿಲ್ಲ ಏನಿಲ್ಲ. ನೀರು ಹುಯ್ಯಿ."

"ಮಾವಂಗೆ ಹೇಳ್ತೀನಿ. ಕೋಲಾರದ ಆಸ್ಪತ್ರೆಗೆ ಹೋಗಾಣ."

ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಎಣ್ಣೆ ಕೈ, ಆದರೂ ಜಾರದ ಹಿಡಿತ. "ಪರೀಕ್ಷೆ ಆಗ್ಲಿ, ಆಮೇಲೆ."

"ಪಿಯುಸಿ ಪರೀಕ್ಷೆನಾ?"

"ಡಾಕ್ಟ್ರು ಪರೀಕ್ಷೆ."

"ಅದು ನಾನು ಮುಂದಿನ ವರ್ಷ ಬರೆಯೋದು."

"ಹಂಗಾದ್ರೆ ಮುಂದಿನ ವರ್ಷ ಹೋಗಾಣ," ಅಂದಳು ಅಮ್ಮ. ಸೊಪ್ಪು ಮುಗಿಯಿತು ಅಂತ ಹೇಳುವ ದನಿಯಲ್ಲೇ ಹೇಳಿದಳು.

ನಾನು ಅತ್ತೆ. ಅವಳು ಅಳಲಿಲ್ಲ. ಅವಳ ಲೆಕ್ಕ ಅವಳಿಗೆ ನಿಖರವಾಗಿತ್ತು. "ನೋಡು, ನಾನು ಹೋಗಿ ಆಸ್ಪತ್ರೆಯಲ್ಲಿ ಮಲಗಿದ್ರೆ ನಿನ್ನ ಓದು ಅಲ್ಲಿಗೆ ಮುಗೀತು. ಮುದ್ದೆ ತಿರುವೋರು ಯಾರು, ಹುಳು ನೋಡೋರು ಯಾರು? ನಿನ್ನೇ ಕರ್ಕೊಂಡ್ ಬಂದು ಕೂರಿಸ್ತಾರೆ. ಕೂರಿಸಿದ್ಮೇಲೆ ಶ್ರೀನಿವಾಸಪುರನೇ ಗತಿ ನಿಂಗೆ." ಅದು ಸುಳ್ಳೂ ಅಲ್ಲ. ತಾಯಿ ಮಲಗಿದ ಮನೆಯ ಹೆಣ್ಣುಮಗಳು ಶಾಲೆ ಬಿಟ್ಟದ್ದನ್ನು ನಮ್ಮೂರಲ್ಲೇ ಬೇಕಾದಷ್ಟು ಕಂಡಿದ್ದೆ.

ಆಮೇಲೆ ಅವಳು ನನ್ನ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಪರೀಕ್ಷೆ ಆಗೋಗಂಟ ಯಾರಿಗೂ ಹೇಳಲ್ಲ ಅಂತ ನನ್ನಾಣೆ ಇಡು. ಅಪ್ಪಂಗೂ ಇಲ್ಲ, ಅಜ್ಜಿಗೂ ಇಲ್ಲ. ಬಾಯಿ ಬಿಟ್ರೆ ನಾನು ಸತ್ತಂಗೆ." ನಾನು ಆಣೆ ಇಟ್ಟೆ. ನಮ್ಮ ಕಡೆ ಆಣೆ ತಪ್ಪಿದರೆ ಕೆಡುಕು ತಪ್ಪಿದವರಿಗಲ್ಲ, ಯಾರ ತಲೆ ಮುಟ್ಟಿ ಆಣೆ ಇಟ್ಟರೋ ಅವರಿಗೆ. ವಿಜ್ಞಾನ ಓದಿದವಳು ಆಣೆಗೆ ಹೆದರಿದೆಯಾ ಅಂತ ನೀವು ಕೇಳಬಹುದು. ಹೆದರಿದೆ. ಆ ಗಂಟನ್ನು ಮುಟ್ಟಿದ ಕೈಯನ್ನೇ ಆ ತಲೆಯ ಮೇಲೆ ಇಟ್ಟಾಗ ನಿಮಗೂ ಹೆದರಿಕೆಯಾಗುತ್ತಿತ್ತು.

ಹಬ್ಬದ ಊಟಕ್ಕೆ ಕೂತಾಗ ಹೇಳಿದೆ. "ಪರೀಕ್ಷೆ ಈ ವರ್ಷನೇ ಬರೀತೀನಿ."

ಯಾರೂ ಯಾಕೆ ಅಂತ ಕೇಳಲಿಲ್ಲ. ಅಷ್ಟು ಹಾರಾಡಿ ಹೋದವಳು ಈಗ ಹೀಗೆ ಅನ್ನುತ್ತಿದ್ದಾಳಲ್ಲ, ಏನಾಯಿತು ಅಂತ ಒಬ್ಬರಾದರೂ ಕೇಳಬೇಕು ತಾನೇ? ಅಪ್ಪ ಊಟದ ಮಧ್ಯದಲ್ಲೇ ಎದ್ದು ಕೈ ತೊಳೆಯಲು ಹೋದರು. ಅಜ್ಜಿ ತನ್ನ ಎಲೆಯ ಒಬ್ಬಟ್ಟನ್ನು ಮುರಿದು ನನ್ನ ಎಲೆಗೆ ಹಾಕಿ ಕಣ್ಣೊರೆಸಿಕೊಂಡಿತು. ಒಬ್ಬಟ್ಟಿಗೆ ಯಾರು ಅಳುತ್ತಾರೆ? ನನಗೆ ಆ ಮೌನ ಕಂಡು ಭಯವಾಯಿತು. ಆದರೆ ಬಾಯಿ ಬಿಡುವ ಹಾಗಿರಲಿಲ್ಲ.

ಕೋಲಾರದಲ್ಲಿ ಮಾವ ಕೂಗಾಡಿದರು. "ಏನೇ ನಿಂಗೆ ಬಂದಿರೋದು? ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಂಗಾಯ್ತು. ಯಾರ್ ತಲೆ ಕೆಡಿಸಿದ್ರು?" ಅಮ್ಮ ಅವರ ಸ್ವಂತ ಅಕ್ಕ. ಹೇಳಿದ್ದರೆ ಅವತ್ತೇ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಎತ್ತಿಕೊಂಡು ಬರುತ್ತಿದ್ದರು. "ನಂಗೇ ಹಂಗನ್ನಿಸ್ತು ಮಾವ," ಅಂತ ಹೇಳಿ ಪುಸ್ತಕ ತೆರೆಯುತ್ತಿದ್ದೆ.

ಓದಿದೆ ಅಂತ ಹೇಳಲಾರೆ. ಪಿಯುಸಿ ಪರೀಕ್ಷೆ ಮುಗಿಯಿತು, ಪ್ರವೇಶ ಪರೀಕ್ಷೆಗೆ ವಾರಗಳು ಉಳಿದವು. ಜೀವಶಾಸ್ತ್ರದ ಪುಸ್ತಕದಲ್ಲಿ ಜೀವಕೋಶ ಒಡೆದು ಎರಡಾಗುವ ಚಿತ್ರವಿತ್ತು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ. ಆ ಪುಟಕ್ಕೆ ಬಂದರೆ ಪುಸ್ತಕ ಮುಚ್ಚುತ್ತಿದ್ದೆ. ದಿನ ಬೇಗ ಕಳೆಯಲಿ ಅಂತ ಒಂದು ಮನಸ್ಸು, ಓದಿ ಮುಗಿಯುವವರೆಗೆ ನಿಲ್ಲಲಿ ಅಂತ ಇನ್ನೊಂದು. ಊರಿಗೆ ಹೋದಾಗ ಅಮ್ಮನ ಎಡಗೈ ನೋಡುತ್ತಿದ್ದೆ. ಬಳೆಗಳು ಮೊದಲು ಮೊಣಕೈಯವರೆಗೆ ಜಾರುತ್ತಿದ್ದವು, ಈಗ ಕೈ ಊದಿ ಮಣಿಕಟ್ಟಿನಲ್ಲೇ ಕಚ್ಚಿಕೊಂಡಿದ್ದವು. ಸೆರಗನ್ನು ಎರಡು ಸುತ್ತು ಹೊದ್ದುಕೊಂಡಿರುತ್ತಿದ್ದಳು, ಆ ಬೇಸಿಗೆಯಲ್ಲಿ.

ಇನ್ನೊಂದು ಆಯಿತು. ಆ ಸಲ ಅಪ್ಪ ರೇಷ್ಮೆ ಮೊಟ್ಟೆ ತರಲಿಲ್ಲ. ತೋಟದಲ್ಲಿ ಸೊಪ್ಪು ಕಪ್ಪಗೆ ಸೊಕ್ಕಿ ನಿಂತಿದೆ, ಮನೆಯಲ್ಲಿ ತಟ್ಟೆಗಳು ಖಾಲಿ. ಊರವರು ಬಂದು ಬಂದು ಕೇಳಿದರು. "ಈ ಬೆಳೆ ಬಿಟ್ಟಿದ್ದೀನಿ," ಅಂದರೇ ಹೊರತು ಅಪ್ಪ ಕಾರಣ ಹೇಳಲಿಲ್ಲ. ನಾನು ಹುಟ್ಟಿದಾಗಿನಿಂದ ಮನೆಯಲ್ಲಿ ಹುಳು ಮೇಯುವ ಸದ್ದು ನಿಂತದ್ದು ಅದೇ ಮೊದಲು.

ಪರೀಕ್ಷೆ ಬೆಂಗಳೂರಿನಲ್ಲಿತ್ತು. ನಾನು, ಅಪ್ಪ ಹೋಗುವುದು ಅಂತ ಮಾತು. ಹೊರಡುವಾಗ ಅಮ್ಮನನ್ನೂ ಕರೆದೊಯ್ಯಬೇಕು ಅಂತ ನಾನು ಹಟ ಹಿಡಿದೆ. ಆಶ್ಚರ್ಯ ಅಂದರೆ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದ್ದರು. ಅಷ್ಟರಲ್ಲಿ ಅಜ್ಜಿಯೂ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತಿತು. ತಿರುಪತಿಗೆ ಹೊರಟವರ ಹಾಗೆ ನಾವು ನಾಲ್ಕೂ ಜನ ಮಾಲೂರಿಗೆ ಹೋಗಿ, ಅಲ್ಲಿ ಅಜ್ಜಿಯ ತಂಗಿಯ ಮನೆಯಲ್ಲಿ ಉಳಿದು, ಬೆಳಗಿನ ರೈಲು ಹತ್ತಿದೆವು. ಹೆಂಚಿನ ಕಾರ್ಖಾನೆಗಳ ಹೊಗೆ ದಾಟುವವರೆಗೂ ಅಪ್ಪ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಅಮ್ಮ ಒಬ್ಬಳೇ ಖುಷಿಯಾಗಿದ್ದಳು. ರೈಲು ಹತ್ತಿದ್ದು ಅವಳಿಗೆ ಅದೇ ಮೊದಲು.

ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾಲ್ಕು ಉತ್ತರದಲ್ಲಿ ನಾಲ್ಕೂ ಸರಿ ಅನ್ನಿಸುತ್ತಿದ್ದವು. ಗಂಟೆ ಬಾರಿಸಿದಾಗ ಬಹಳಷ್ಟು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಸೀಟು ಸಿಗುವುದಿಲ್ಲ ಅಂತ ಕೊಠಡಿಯಲ್ಲೇ ಗೊತ್ತಾಯಿತು. ಆದರೆ ನನಗೆ ದುಃಖವಾಗಲಿಲ್ಲ. ಪರೀಕ್ಷೆ ಆಯಿತು, ಇನ್ನು ಅಮ್ಮನನ್ನು ಕರೆದೊಯ್ಯಬಹುದು ಅನ್ನುವ ಒಂದೇ ಯೋಚನೆಯಲ್ಲಿ ಮೆಟ್ಟಿಲಿಳಿದು ಓಡಿದೆ.

ಮೂವರೂ ಮರದ ಕೆಳಗೆ ಕೂತಿದ್ದರು. ನಾನು ಏನಾದರೂ ಅನ್ನುವ ಮುಂಚೆ ಅಪ್ಪ ಎದ್ದರು. "ಹೆಂಗೂ ಬೆಂಗ್ಳೂರಿಗೆ ಬಂದಿದ್ದೀವಿ. ಅಜ್ಜಿಗೆ ಕಣ್ಣು ತೋರಿಸ್ಕೊಂಡ್ ಹೋಗಾಣ, ದೊಡ್ಡಾಸ್ಪತ್ರೆಗೆ."

"ನಾ ಕಳ್ಳು ಬಾಗುನ್ನಾಯಿ," ನನ್ನ ಕಣ್ಣು ಚೆನ್ನಾಗಿವೆ, ಅಂತ ಗದರಿದ ಅಜ್ಜಿ ತಕ್ಷಣ ತಿದ್ದಿಕೊಂಡಿತು. "ಮಂಡಿ ನೋವು ತೋರಿಸ್ಬೇಕು. ನಡೀರಿ, ಈಗಲೇ."

"ನಂಗೂ ಕಾಮಾಲೆ ಪೂರ್ತಿ ಹೋಗಿದ್ಯಾ ಅಂತ ನೋಡಿಸ್ಬೇಕು," ಅಂದೆ ನಾನು.

ಅಮ್ಮ ನಕ್ಕಳು. "ಎಲ್ರೂ ರೋಗಿಷ್ಟರೇ, ನಾನೊಬ್ಳೇ ಗಟ್ಟಿ," ಅಂದಳು. ಆಮೇಲೆ ನನ್ನ ಮುಖ ನೋಡಿ, "ನಡೀರಿ, ಬರ್ತೀನಿ. ಕೊಟ್ಟ ಮಾತು," ಅಂದಳು.

ಆಸ್ಪತ್ರೆಯಲ್ಲಿ ಸರತಿ ಬರುವವರೆಗೂ ಈ ನಾಟಕ ನಡೆಯಿತು. ಒಳಗೆ ಕರೆದಾಗ ಮೂವರೂ ಸೇರಿ ಅಮ್ಮನನ್ನು ಮುಂದಕ್ಕೆ ತಳ್ಳಿದೆವು. ಲೇಡಿ ಡಾಕ್ಟರು, ನಡುವಯಸ್ಸಿನವರು. ಪರದೆಯ ಹಿಂದೆ ಬಹಳ ಹೊತ್ತು ನೋಡಿದರು. ಹೊರಗೆ ಬಂದಾಗ ಅವರ ಮುಖ ಮೊದಲಿನ ಹಾಗಿರಲಿಲ್ಲ. "ಇದು ಯಾವಾಗಿನಿಂದ ಇದೆ?" ಅಂತ ನಮ್ಮನ್ನೇ ಕೇಳಿದರು.

"ಉಗಾದಿಯಿಂದ," ಅಂದೆ ನಾನು.

"ದೀಪಾವಳಿಯಿಂದ," ಅಂದರು ಅಪ್ಪ, ಅದೇ ಕ್ಷಣದಲ್ಲಿ.

"ಗೌರಿ ಹಬ್ಬಕ್ಕೇ ಇತ್ತು," ಅಂದಿತು ಅಜ್ಜಿ.

ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಅಪ್ಪ ಗೋಡೆಗೆ ಆತುಕೊಂಡರು. "ನಂಗೆ ಆಣೆ ಹಾಕ್ಸಿದ್ಲು," ಅಂದರು. "ನನಗೂ," ಅಂದೆ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿತ್ತು. "ಹೇಳಬಾರ್ದು ಅಂತ ಆಣೆ ಇತ್ತು. ಎಣ್ಣೆ ಹಚ್ಚಿಸಬಾರ್ದು ಅಂತ ಇರ್ಲಿಲ್ಲವಲ್ಲ," ಅಂತ ನನ್ನನ್ನೇ ನೋಡುತ್ತಾ ಅಂದಿತು. ಪರೀಕ್ಷೆ ಆಗುವವರೆಗೆ ಬಾಯಿ ಬಿಡುವ ಹಾಗಿಲ್ಲ, ಆದ್ದರಿಂದ ಪರೀಕ್ಷೆ ಬೇಗ ಆಗಿಹೋಗಲಿ ಅಂತ ಶಿವರಾತ್ರಿಯಲ್ಲಿ ಇಬ್ಬರೂ ನನ್ನ ಮೇಲೆ ಹರಿಹಾಯ್ದಿದ್ದರು. ಒಂದೇ ಸೂರಿನ ಕೆಳಗೆ ಮೂರು ಜನ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಆ ವರ್ಷವನ್ನು ಕಳೆದಿದ್ದೆವು.

ಡಾಕ್ಟರಿಗೆ ಸಿಟ್ಟು ಬಂತು. "ಉಗಾದಿನೋ, ದೀಪಾವಳಿನೋ, ಗೌರಿ ಹಬ್ಬನೋ? ಸರಿಯಾಗಿ ಹೇಳಿ."

ಅಮ್ಮ ಪರದೆ ಸರಿಸಿ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಾ ಬಂದಳು. "ಅವ್ರಿಗೇನ್ ಗೊತ್ತು ಡಾಕ್ಟ್ರಮ್ಮ. ಇವಳು ಎಸ್ಸೆಲ್ಸಿ ಬರೆಯೋ ವರ್ಷದಿಂದ ಐತೆ."

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ನನಗೆ ಸೀಟು ಸಿಗಲಿಲ್ಲ. ಅಮ್ಮನಿಗೆ ಆಪರೇಷನ್ ಆಯಿತು, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಮುಂದಿನ ಸಂಕ್ರಾಂತಿಯನ್ನು ಅವಳು ನೋಡಲಿಲ್ಲ. ಮರುವರ್ಷ ಮತ್ತೆ ಬರೆದ ಪರೀಕ್ಷೆಯಲ್ಲಿ ಸೀಟು ಸಿಕ್ಕಿತು. ಅಜ್ಜಿ ಆ ಸುದ್ದಿ ಕೇಳಿ ಒಳಗೆ ಹೋಗಿ ಮಲಗಿತು.

ಆದರೆ ಅವತ್ತು ಆ ಕೋಣೆಯಲ್ಲಿ ಅಮ್ಮ ಹೆದರಿರಲಿಲ್ಲ. ಡಾಕ್ಟರು ಅಡ್ಮಿಟ್ ಆಗಬೇಕು ಅಂದರು, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಬೈದರು. ಅಮ್ಮ ನಾಚಿಕೊಂಡು ನಕ್ಕಳು. "ಬೇರೆಯೋರಿಗೆಲ್ಲ ಹೆಂಗೆ ತೋರಿಸೋದು ಅಂತ. ನಮ್ ಹುಡುಗಿ ಇವತ್ತು ಡಾಕ್ಟ್ರು ಪರೀಕ್ಷೆ ಬರ್ದವ್ಳೆ. ಇವಳ್ ಕೈಲೇ ನೋಡಿಸ್ಕೊಳಾಣ ಅಂತಿದ್ದೆ. ನೀವು ಈಗ ಮಾತ್ರೆ ಏನಾರ ಕೊಟ್ಟಿರಿ. ಇವಳು ನಿಮ್ ಹಂಗೆ ಕುರ್ಚಿ ಮೇಲೆ ಕೂರಾಕೆ ಇನ್ನೇನು, ಆರು ತಿಂಗ್ಳಾಗ್ತದಾ?"

ಡಾಕ್ಟರು ನನ್ನನ್ನು ನೋಡಿದರು. ಅವರ ಸಿಟ್ಟು ಇಳಿದುಹೋಗಿತ್ತು. "ಅದು ಒಳಗೆ ಸೇರೋಕೆ ಬರೆಯೋ ಪರೀಕ್ಷೆ ಅಮ್ಮ," ಅಂದರು. "ಸೀಟು ಸಿಕ್ಕಿದ ಮೇಲೆ ಐದೂವರೆ ವರ್ಷ ಓದಬೇಕು."

ಎಸ್ಸೆಲ್ಸಿ ಪರೀಕ್ಷೆ ಬರೆದರೆ ಎಸ್ಸೆಲ್ಸಿ ಆಯಿತು, ಪಿಯುಸಿ ಪರೀಕ್ಷೆ ಬರೆದರೆ ಪಿಯುಸಿ ಆಯಿತು. ಡಾಕ್ಟರ ಪರೀಕ್ಷೆ ಬರೆದರೆ ಡಾಕ್ಟರು ಅಂತ ಅಮ್ಮ ತಿಳಿದಿದ್ದಳು. ಪರೀಕ್ಷೆ ಯಾವ ವರ್ಷ ಅಂತ ಮನೆಯೆಲ್ಲ ಕಿತ್ತಾಡಿದ್ದೆವು. ಅದಾದ ಮೇಲೆ ಎಷ್ಟು ವರ್ಷ ಅನ್ನುವುದನ್ನು ಅವಳು ಯಾರನ್ನೂ ಕೇಳಿರಲಿಲ್ಲ, ಯಾರಿಗೂ ಅವಳಿಗೆ ಹೇಳಬೇಕು ಅನ್ನಿಸಿರಲಿಲ್ಲ.

ಅಮ್ಮ ಬೆರಳು ಮಡಚಿ ಎಣಿಸಿದಳು. ಒಂದು ಕೈ ಮುಗಿಯಿತು. ಇನ್ನೊಂದು ಕೈಯ ಬೆರಳನ್ನು ಅರ್ಧ ಮಡಚಿ ಡಾಕ್ಟರ ಮುಖವನ್ನು ನೋಡಿದಳು. ಡಾಕ್ಟರು ಪಕ್ಕಕ್ಕೆ ತಿರುಗಿ ನರ್ಸನ್ನು ಕರೆದರು. ಅಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ಕೋಪ ಬಂದಿರಲಿಲ್ಲ.

"ಅಷ್ಟು ವರ್ಷ ಹಿಡೀತದೆ ಅಂತ ನೀನು ಹೇಳ್ಲೇ ಇಲ್ವಲ್ಲೇ," ಅಂದಳು. "ಹೇಳಿದ್ದಿದ್ರೆ ಆವಾಗ್ಲೇ ಬರ್ತಿದ್ನಲ್ಲ."